ಮೀಸೆ ಮಣ್ಣಾಗದ ಕಾಲ

ಕಳೆದ ಮಾಗಿಯಲ್ಲಿ ಹಳಿಯಾಳದ ಕಾಲೇಜೊಂದರ ಚರ್ಚಾಕೂಟಕ್ಕೆ ನಾನು ತೀರ್ಪುಗಾರನಾಗಿ ಹೋಗಬೇಕಾಯಿತು. ‘ಇತರ ಕಾದಾಟದ ಕ್ರೀಡೆಗಳೆದುರು ಮುಷ್ಟಿಯುದ್ಧವು ತನ್ನ ಜನಪ್ರಿಯತೆಯನ್ನು ಕಳೆದುಕೊಳ್ಳುತ್ತಿದೆ’ ಎಂಬುದು ಅಂದಿನ ವಿಷಯ. ಕನ್ನಡದ ಅಧ್ಯಾಪಕನಿಗೂ ಮುಷ್ಟಿಯುದ್ಧಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ರನ್ನನ ಗದಾಯುದ್ಧವನ್ನು ವರ್ಷವರ್ಷವೂ ಪಾಠ ಹೇಳುವವನಿಗೆ ಹೊಡೆದಾಟದ ವಿಷಯದಲ್ಲಿ ಒಂದಿಷ್ಟು ಅಧಿಕಾರ ಇದ್ದೀತೆಂದು ಸಂಘಟಕರು ಎಣಿಸಿದ್ದರೋ ಏನೋ! ಹೋದೆ.

ಹುಡುಗರು ಚೆನ್ನಾಗಿಯೇ ಮಾತನಾಡಿದರು. ಪರವಾಗಿ ನಿಂತವರು ಅಮೆರಿಕೆಯ ಯುಎಫ್‌ಸಿ ಎಂಬ ಸಂಸ್ಥೆಯ ಕಥೆಯನ್ನು ಅಂಕಿಸಂಖ್ಯೆಗಳೊಡನೆ ಒಪ್ಪಿಸಿದರು: 1993ರಲ್ಲಿ ಹುಟ್ಟಿದ್ದು, 2001ರಲ್ಲಿ 20 ಲಕ್ಷ ಡಾಲರಿಗೆ ಕೈ ಬದಲಾದದ್ದು, 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾದದ್ದು. ಗುದ್ದು, ಒದೆ, ಹಿಡಿತ, ಕೆಡವು ಎಲ್ಲವೂ ಕೂಡಿದ ಆ ಪಂಜರದ ಕಾಳಗದ ಮುಂದೆ ಬರಿಯ ಗುದ್ದಿನ ಆಟ ಸಪ್ಪೆ ಎಂಬುದು ಅವರ ವಾದ. ವಿರೋಧಿಸಿದವರು ಮಹಮ್ಮದ್ ಅಲಿಯ ಹೆಸರನ್ನು ಹೇಳಿ, ಮೇರಿ ಕೋಮ್ ಅವರ ಹೆಸರನ್ನು ಹೇಳಿ, ಚಪ್ಪಾಳೆ ಗಿಟ್ಟಿಸಿ ಕುಳಿತರು. ಕೊನೆಯಲ್ಲಿ ನಾನು ಎರಡು ಮಾತು ಆಡುವ ಮೊದಲು ಸಭೆಗೆ ಒಂದು ಪ್ರಶ್ನೆ ಹಾಕಿದೆ: ‘ನಿಮ್ಮಲ್ಲಿ ಎಷ್ಟು ಜನ ಮುಷ್ಟಿಯುದ್ಧವನ್ನು ಕಣ್ಣಾರೆ, ಹಗ್ಗದ ಆಚೆ ನಿಂತು, ನೋಡಿದ್ದೀರಿ?’ ಒಂದು ಕೈಯೂ ಏಳಲಿಲ್ಲ. ‘ಕುಸ್ತಿ?’ ಎಂದೆ. ಸಭೆಗೆ ಸಭೆಯೇ ಕೈ ಎತ್ತಿತು. ‘ಕಣಕ್ಕೆ ಇಳಿದವರು?’ ಎಂದೆ. ಕೈಗಳೆಲ್ಲ ಇಳಿದುವು. ಹಿಂದಿನ ಸಾಲಿನಲ್ಲಿ ಒಂದು ಕೈ ಮಾತ್ರ ಅರ್ಧಕ್ಕೆ ನಿಂತಿತ್ತು. ಒಬ್ಬ ಹುಡುಗಿಯದು.

ಆ ಹುಡುಗಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಚರ್ಚೆಯ ವಿಷಯವನ್ನು ತೀರಿಸಿಬಿಡಬೇಕು.

ಮುಷ್ಟಿಯುದ್ಧವನ್ನು ಮತ್ತೊಂದು ಆಟ ಬಂದು ಕೆಡವಿತು ಎಂಬುದನ್ನು ನಾನು ಒಪ್ಪಲಾರೆ. ಒಂದು ತೂಕಕ್ಕೆ ಒಬ್ಬ ಜಗಜ್ಜಟ್ಟಿ ಎಂದಿದ್ದರೆ ಜನಕ್ಕೆ ತಿಳಿಯುತ್ತದೆ. ಹಣದಾಸೆಯ ಮುಷ್ಟಿಯುದ್ಧದಲ್ಲಿ ಪಟ್ಟ ಕಟ್ಟುವ ಸಂಸ್ಥೆಗಳೇ ನಾಲ್ಕು; ತೂಕದ ವರ್ಗಗಳೋ ಹದಿನೇಳರ ಮೇಲೆ. ಯಾರು ಯಾರಿಗೆ ಜಟ್ಟಿ ಎಂದು ತಿಳಿಯಬೇಕಾದರೆ ಪಂಚಾಂಗ ನೋಡಬೇಕು. ದೊಡ್ಡ ಕಾಳಗಗಳೆಲ್ಲ ಮನೆಮನೆಯ ಟಿ.ವಿ.ಯಿಂದ ಹಣ ತೆತ್ತು ನೋಡುವ ಟಿ.ವಿ.ಗೆ ಸರಿದುಹೋದುವು, ಬಡವನ ಮಗ ಬಡವನ ಮಗನನ್ನು ಗುದ್ದುವ ಆಟವನ್ನು ಬಡವನೇ ನೋಡಲಾರದಂತಾಯಿತು. ಇಷ್ಟಾದರೂ 2017ರಲ್ಲಿ ಪಂಜರದ ಮಹಾವೀರ ಕಾನರ್ ಮೆಕ್‌ಗ್ರೆಗರನಿಗೆ ದೊಡ್ಡ ಹಣ ಬೇಕಾದಾಗ ಅವನು ಬಂದದ್ದು ಫ್ಲಾಯ್ಡ್ ಮೇವೆದರನ ಎದುರಿಗೆ, ಮುಷ್ಟಿಯುದ್ಧದ ಹಗ್ಗದೊಳಗೆ, ಮುಷ್ಟಿಯುದ್ಧದ ನಿಯಮಕ್ಕೆ. ಹತ್ತನೆಯ ಸುತ್ತಿನಲ್ಲಿ ಸೋತು ಹೋದ. ಸತ್ತ ಆಟದ ಮನೆಬಾಗಿಲಿಗೆ ಯಾರೂ ಭಿಕ್ಷೆಗೆ ಬರುವುದಿಲ್ಲ.

ಹವ್ಯಾಸಿ ಮುಷ್ಟಿಯುದ್ಧಕ್ಕೆ ಬಂದ ಕುತ್ತು ಕೂಡ ಮನೆಯೊಳಗಿನದೇ. ಅದರ ಜಾಗತಿಕ ಸಂಸ್ಥೆಗೆ ಒಲಿಂಪಿಕ್ ಸಮಿತಿ ಕೊಟ್ಟಿದ್ದ ಮನ್ನಣೆಯನ್ನು 2023ರಲ್ಲಿ ಹಿಂತೆಗೆದುಕೊಂಡಿತು. ಲಾಸ್ ಏಂಜಲೀಸಿನ 2028ರ ಕೂಟದಲ್ಲಿ ಮುಷ್ಟಿಯುದ್ಧ ಇರುತ್ತದೆಯೋ ಇಲ್ಲವೋ ಎಂಬುದೇ ಸಂದೇಹವಾಗಿ, ಹೊಸ ಸಂಸ್ಥೆ ಹುಟ್ಟಿ, 2025ರ ಮಾರ್ಚಿಯಲ್ಲಿ ಅಂತೂ ಇರುತ್ತದೆಂದು ನಿರ್ಣಯವಾಯಿತು. ನಮ್ಮ ದೇಶದ ಒಕ್ಕೂಟವೂ 2012ರಲ್ಲಿ ಅಮಾನತಿಗೆ ಒಳಗಾಗಿತ್ತು. ಅದೇ 2012ರಲ್ಲಿಯೇ ಮೇರಿ ಕೋಮ್ ಲಂಡನ್ನಿನಿಂದ ಕಂಚನ್ನು ತಂದರೆಂಬುದನ್ನು ಗಮನಿಸಬೇಕು. ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಮುಷ್ಟಿಯುದ್ಧದ ಬಾಗಿಲು ತೆರೆದ ಮೊದಲ ಕೂಟ ಅದು. ಅನಂತರ 2021ರಲ್ಲಿ ಟೋಕಿಯೋದಿಂದ ಲವ್ಲೀನಾ ಬೊರ್ಗೊಹೈನ್ ತಂದರು. 2022, 2023ರಲ್ಲಿ ನಿಖತ್ ಜರೀನ್ ಲೋಕವಿಜೇತೆಯಾದರು. ಗಂಡಸರು ಕುರ್ಚಿಗಾಗಿ ಗುದ್ದಾಡುತ್ತಿದ್ದಾಗ ಹೆಣ್ಣುಮಕ್ಕಳು ಕಣದಲ್ಲಿ ಗುದ್ದಾಡಿ ಆಟದ ಮಾನವನ್ನು ಉಳಿಸಿದರೆಂದರೆ ಅತಿಶಯೋಕ್ತಿಯಾಗದು.

ಸರಿ. ಆದರೆ ಇದೆಲ್ಲ ದೂರದ ಊರಿನ ವರ್ತಮಾನ. ಹಳಿಯಾಳದ ಹುಡುಗರು ಎಂದೂ ಕಾಣದ ಮುಷ್ಟಿಯುದ್ಧದ ಅಳಿವು ಉಳಿವನ್ನು ಎರಡು ಗಂಟೆ ಚರ್ಚಿಸಿದರು. ತಮ್ಮ ಊರಿನ ಗರಡಿಯ ಅಳಿವು ಉಳಿವಿನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಪ್ರಶ್ನೆ ಹುಟ್ಟಬೇಕಾದದ್ದು ಅಲ್ಲಿ.

ಮುಷ್ಟಿಯುದ್ಧ ನಮಗೆ ತೀರ ಹೊಸದೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಬೆರಳಿಗೆ ಹಲ್ಲುಗಳುಳ್ಳ ಆಯುಧ ಧರಿಸಿ ಕಾದುವ ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಜಿನುಗಿತೆಂದರೆ ಅಲ್ಲಿಗೆ ಮುಗಿಯಿತು. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್, ಇಲ್ಲಿಯ ಮಲ್ಲರ ಕಾಳಗ ತನ್ನ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿದು ಕಣ್ಣು ಕೀಳುವಂಥ ಪೆಟ್ಟುಗಳು ಬೀಳುತ್ತವೆ ಎಂದು ಬೆರಗಾಗಿ ಬರೆದಿದ್ದಾನೆ. ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವನ್ನೇ ಇಟ್ಟು ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸಿದ್ದಾನೆ. ಹಿಡಿತ ಗುದ್ದು ಎರಡೂ ಕೂಡಿದ ಆ ಹಳೆಯ ಕಾಳಗವನ್ನು ಇಂದಿನ ಪಂಜರದವರು ನೋಡಿದ್ದರೆ ತಮ್ಮ ಹೊಸತನದ ಬಗ್ಗೆ ಅಷ್ಟು ಬೀಗುತ್ತಿರಲಿಲ್ಲ. ಮುಂದೆ ಗುದ್ದು ಅರಮನೆಯಲ್ಲಿ ಉಳಿಯಿತು. ಹಿಡಿತ ಊರೂರಿಗೆ ಇಳಿಯಿತು.

ಊರಿಗೆ ಇಳಿದ ಆಟ ಭಾಷೆಗೂ ಇಳಿಯುತ್ತದೆ. ಇದು ನನ್ನ ಕಸುಬಿನ ಮಾತಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪಟ್ಟು ಹಿಡಿಯುವುದು, ಸೆಡ್ಡು ಹೊಡೆಯುವುದು, ತೊಡೆ ತಟ್ಟುವುದು, ಮಣ್ಣು ಮುಕ್ಕಿಸುವುದು, ಗರಡಿಯಲ್ಲಿ ಪಳಗುವುದು, ಅಖಾಡಕ್ಕೆ ಇಳಿಯುವುದು: ಈ ನುಡಿಗಟ್ಟುಗಳನ್ನು ಬಿಟ್ಟು ಕನ್ನಡದ ಪತ್ರಿಕೆಗಳು ಒಂದು ಚುನಾವಣೆಯನ್ನಾದರೂ ವರದಿ ಮಾಡಬಲ್ಲವೆ? ಎಂದೂ ಲಂಗೋಟಿ ಕಟ್ಟದ ಮಹನೀಯರು ದಿನಬೆಳಗಾದರೆ ಒಬ್ಬರಿಗೊಬ್ಬರು ಸೆಡ್ಡು ಹೊಡೆಯುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಗೆ ಸಮನಾದದ್ದನ್ನು ಬೇರೆ ಯಾವ ಆಟ ಕೊಟ್ಟಿದೆ? ಗುದ್ದಿನಿಂದ ಹುಟ್ಟಿದ ಗಾದೆ ಇಲ್ಲವೆಂದಲ್ಲ. ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು ಎನ್ನುತ್ತೇವೆ. ಆದರೆ ಆ ಗುದ್ದಾಟ ಜಗಳವೇ ಹೊರತು ಆಟವಲ್ಲ. ಬಾಕ್ಸಿಂಗಿನಿಂದ ಕನ್ನಡಕ್ಕೆ ಬಂದ ಮಾತೆಂದರೆ ನಾಕೌಟ್ ಒಂದೇ. ಅದೂ ಕ್ರಿಕೆಟ್ಟಿನ ಬೆನ್ನೇರಿ ಬಂತು.

ಕುಸ್ತಿ ಎಂಬ ಶಬ್ದವಾದರೂ ನಮ್ಮದೆ? ಅದು ಪಾರಸಿ. ಪೈಲ್ವಾನ, ವಸ್ತಾದ ಎಲ್ಲ ಪಾರಸಿಯೇ, ತಾಲೀಮು ಅರಬ್ಬಿ. ವಸ್ತಾದನೆಂದರೆ ಗುರು, ತಾಲೀಮೆಂದರೆ ಶಿಕ್ಷಣ. ನಾನು ಪಗಾರ ತೆಗೆದುಕೊಳ್ಳುವ ಕಸುಬಿನ ಹೆಸರುಗಳೇ ಅವು. ಮಲ್ಲಯುದ್ಧವೆಂಬ ಸ್ವಂತದ ಸಂಸ್ಕೃತ ಶಬ್ದವನ್ನು ಪುರಾಣಕ್ಕೆ ಬಿಟ್ಟು ನಮ್ಮ ರೈತ ಪರದೇಶದ ಶಬ್ದವನ್ನು ಲಂಗೋಟಿಯಂತೆ ಬಿಗಿದುಕೊಂಡ. ಆದಕಾರಣ ‘ನಮ್ಮ ಮೂಲ ಕಲೆ ಹಾಳಾಯಿತು, ಪರಕೀಯ ಮ್ಯಾಟ್ ಬಂತು’ ಎಂದು ಗೋಳಿಡುವವರೊಡನೆ ನಾನು ಪೂರ್ತಿಯಾಗಿ ದನಿಗೂಡಿಸಲಾರೆ. ಅವರ ಗೋಳಿನಲ್ಲಿ ಹುರುಳಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಹಳಿಯಾಳ ಮಲೆನಾಡು ಮುಗಿದು ಬಯಲು ತೊಡಗುವಲ್ಲಿ ಇರುವ ಊರು. ಒಂದು ದಾರಿ ಧಾರವಾಡಕ್ಕೆ, ಒಂದು ದಾರಿ ಬೆಳಗಾವಿಗೆ. ಆ ದಾರಿಯ ತುದಿಯಲ್ಲಿ ಕೊಲ್ಲಾಪುರ. ಶಾಹೂ ಮಹಾರಾಜರ ಆಶ್ರಯದಲ್ಲಿ 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿಕೊಂಡು ಕುಸ್ತಿಗೆ ರಾಜಧಾನಿಯಾದ ಊರು. ಕನ್ನಡ ಮರಾಠಿ ಕೊಂಕಣಿಗಳು ಒಂದೇ ಅಂಗಳದಲ್ಲಿ ಮಾತನಾಡಿಕೊಳ್ಳುವ ಈ ಸೀಮೆಗೆ ಕುಸ್ತಿಯ ಹುಚ್ಚು ಎಲ್ಲ ದಿಕ್ಕಿನಿಂದಲೂ ಬಂತು. ಜಾತ್ರೆ ಎಂದರೆ ‘ಜಂಗೀ ನಿಕಾಲಿ ಕುಸ್ತಿ’ಯ ಭಿತ್ತಿಪತ್ರ. ನಿಕಾಲಿ ಎಂದರೆ ನಿಕಾಲಿಯೇ: ಅಂಕವಿಲ್ಲ, ಗಡಿಯಾರವಿಲ್ಲ. ಒಬ್ಬನು ಚಿತ್ ಆಗಬೇಕು, ಅವನ ಬೆನ್ನು ಮಣ್ಣಿಗೆ ಹತ್ತಬೇಕು. ಅಲ್ಲಿಯವರೆಗೆ ಹೊತ್ತು ಮುಳುಗಿದರೂ ಸರಿಯೆ. ತೂಕದ ತಕ್ಕಡಿಯೂ ಇಲ್ಲ. ಹಳೆಯ ಪೈಲ್ವಾನರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಭುಜ ಮುಟ್ಟಿ, ತೊಡೆ ನೋಡಿ, ಕಣ್ಣಳತೆಯಲ್ಲಿಯೇ ಜೋಡಿ ಕಟ್ಟುತ್ತಾರೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 100 ಗ್ರಾಮಿನ ಹೆಚ್ಚಳಕ್ಕಾಗಿ ಅಂತಿಮ ಹಣಾಹಣಿಯಿಂದ ಅನರ್ಹರಾದಾಗ ನಮ್ಮ ಕಡೆಯ ಹಳಬರಿಗೆ ಬಂದ ಸಿಟ್ಟಿನ ಹಿಂದೆ ಈ ಕಣ್ಣಳತೆಯ ಲೋಕವೇ ಇತ್ತೆಂದು ಕಾಣುತ್ತದೆ.

ಮಣ್ಣಿನ ಮಾತನ್ನೂ ಹೇಳಬೇಕು. ಕಣದ ಮಣ್ಣು ಬರಿಯ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ, ಕರ್ಪೂರ ಬೆರೆಸಿ, ಗುದ್ದಲಿಯಿಂದ ಅಗೆದಗೆದು ಹದಮಾಡಬೇಕು. ನಾಲ್ಕು ದಿನ ಬಿಟ್ಟರೆ ಅದು ಗಟ್ಟಿಯಾಗಿ ನೆಲವಾಗಿಬಿಡುತ್ತದೆ. ದಿನವೂ ಅಗೆಯುವ ಕೈ ಇದ್ದರೆ ಮಾತ್ರ ಕಣ. ನಮ್ಮ ಕುಸ್ತಿಯ ಇತಿಹಾಸವನ್ನೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿಸಬಹುದೆಂದು ನನಗೆ ತೋರುತ್ತದೆ.

ಈಗ ಆ ಹುಡುಗಿಯ ವಿಷಯ. ಸಭೆ ಮುಗಿದ ಮೇಲೆ ಕರೆದು ಮಾತನಾಡಿಸಿದೆ. ಅವಳ ಎಡಗಿವಿಯ ಮೇಲಂಚು ಕಡುಬಿನಂತೆ ಊದಿ ಗಟ್ಟಿಯಾಗಿತ್ತು. ಹಿಡಿತಕ್ಕೆ ಸಿಕ್ಕು ಸಿಕ್ಕು ಮುರಿದ ಕಿವಿ. ಗಂಡು ಪೈಲ್ವಾನರು ಅದನ್ನು ಪದಕದಂತೆ ತೋರಿಸಿಕೊಂಡು ತಿರುಗುವುದನ್ನು ಕಂಡಿದ್ದೇನೆ. ಇವಳು ಕೂದಲನ್ನು ಅದರ ಮೇಲೆ ಎಳೆದುಕೊಂಡಳು.

‘ಕಣಕ್ಕೆ ಇಳಿದಿದ್ದೀಯಾ ತಾಯಿ?’ ಎಂದೆ.

‘ಮಣ್ಣಾಗಲ್ರಿ ಸರ್, ಮ್ಯಾಟಿನ ಮ್ಯಾಲೆ. ಮಣ್ಣಾಗ ಆಡಿದಾವ್ರು ನಮ್ಮಪ್ಪಾರು. ನಮ್ಮೂರ ಗರಡ್ಯಾಗ ಹೆಣ್ಮಕ್ಕಳು ಕಾಲ ಇಡೂದಿಲ್ರಿ.’

ಒಂದು ಭಾನುವಾರ ಬಿಡುವು ಮಾಡಿಕೊಂಡು ಅವಳ ಊರಿಗೆ ಹೋದೆ. ಹಳಿಯಾಳದ ಆಸುಪಾಸಿನ ಹಳ್ಳಿ. ಎತ್ತ ನೋಡಿದರೂ ಕಬ್ಬು. ತಂದೆ ಐವತ್ತೈದರ ಸುಮಾರಿನ ರೈತರು, ಒಂದು ಕಾಲಕ್ಕೆ ಏಳೆಂಟು ಜಾತ್ರೆಗಳ ಕಣ ಕಂಡವರು. ಗೆದ್ದ ಬೆಳ್ಳಿಯ ಕಡಗವೊಂದನ್ನು ಹಿರಿಯ ಮಗಳ ಮದುವೆಗೆ ಕರಗಿಸಿದೆ ಎಂದು ನಕ್ಕರು. ಗರಡಿಯನ್ನು ತೋರಿಸಲು ಕರೆದೊಯ್ದರು. ಗೋಡೆಯ ಮೇಲೆ ಮಾರುತಿಯ ಪಟಕ್ಕೆ ಆ ದಿನದ ಹೂವಿತ್ತು. ಅಂದರೆ ಪೂಜೆ ನಿಂತಿಲ್ಲ. ಕೆಳಗೆ ಕಣದಲ್ಲಿ ಗೊಬ್ಬರದ ಚೀಲಗಳು ಒಟ್ಟಿದ್ದುವು. ಅವರು ಒಂದು ಮೂಲೆಯಲ್ಲಿ ಕುಳಿತು ಹೆಬ್ಬೆರಳಿನಿಂದ ನೆಲವನ್ನು ಒತ್ತಿ ನೋಡಿದರು. ಬೆರಳು ಇಳಿಯಲಿಲ್ಲ.

‘ಯಾಕೆ ನಿಂತಿತು?’ ಎಂದು ಕೇಳಿದೆ. ಕ್ರಿಕೆಟ್ ಬಂತು, ಕಬಡ್ಡಿ ಟಿ.ವಿ.ಗೆ ಬಂತು, ಹುಡುಗರು ಮೊಬೈಲಿಗೆ ಬಿದ್ದರು ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಅವರು ಹೇಳಿದ್ದು ಬೇರೆ. ಮನೆಯಲ್ಲಿ ನಾಲ್ಕು ಎಮ್ಮೆ ಇದ್ದಾಗ ಹಾಲು ಮನೆಯ ಪೈಲ್ವಾನನ ಹೊಟ್ಟೆಗೆ ಹೋಗುತ್ತಿತ್ತು. ಈಗ ಇರುವ ಒಂದರ ಹಾಲು ಡೇರಿಗೆ ಹೋಗುತ್ತದೆ. ಹಿಂದೆ ಊರ ಗೌಡರು ಒಬ್ಬಿಬ್ಬರು ಪೈಲ್ವಾನರ ಖುರಾಕಿನ ಖರ್ಚನ್ನು ಹೊರುತ್ತಿದ್ದರು. ಗೌಡರ ಮಕ್ಕಳು ಹುಬ್ಬಳ್ಳಿ ಸೇರಿದರು. ವಸ್ತಾದ ತೀರಿಕೊಂಡ ಮೇಲೆ ನಸುಕಿನ ನಾಲ್ಕಕ್ಕೆ ಎದ್ದು ಮಣ್ಣು ಅಗೆಯುವವರು ಯಾರೂ ಉಳಿಯಲಿಲ್ಲ. ಯಾವ ಆಟವೂ ಬಂದು ಗರಡಿಯ ಹುಡುಗರನ್ನು ಸೆಳೆದುಕೊಂಡು ಹೋಗಲಿಲ್ಲ. ಗರಡಿ ಖಾಲಿಯಾದ ಮೇಲೆ ಹುಡುಗರು ಬೇರೆ ಆಟಗಳಿಗೆ ಹೋದರು. ಈ ಹಿಂದುಮುಂದನ್ನು ನಮ್ಮ ಚರ್ಚಾಪಟುಗಳು ತಿರುವುಮುರುವಾಗಿ ತಿಳಿದಿದ್ದರು; ನಾನೂ ಹಾಗೆಯೇ ತಿಳಿದಿದ್ದೆ.

ಸುತ್ತಣ ಸೀಮೆಯನ್ನು ನೋಡಿದರೂ ಇದೇ. ನಾನಿರುವ ದಾಂಡೇಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ನಾನಾ ಕಡೆಯಿಂದ ಬಂದವರ ಊರಿಗೆ ಹಳೆಯ ಗರಡಿಯ ಹಂಗಿಲ್ಲ. ಅಲ್ಲಿ ಮೈದಾನದಲ್ಲಿ ಕಾಣುವುದು ಬಿಳಿಯ ಅಂಗಿಯ ಕರಾಟೆ ಮಕ್ಕಳು. ತಿಂಗಳ ಶುಲ್ಕ ಕೊಡಬಲ್ಲ ತಾಯಿತಂದೆಗಳಿದ್ದಾರೆ, ಕಲಿಸುವವರಿದ್ದಾರೆ, ಆಟ ಇದೆ. ಜೋಯಿಡಾದಲ್ಲಿ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಕಣದ ಸುತ್ತ ನೂರು ಜನ ಕೂಡುವುದೇ ಕಷ್ಟ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರ ಮಠಗಳ ಅಂಗಳದಲ್ಲಿ ಒಂದು ಸಂಜೆ ನಾನು ಕಂಡದ್ದು ಬೇರೆಯೇ ಮಲ್ಲಯುದ್ಧ: ಕೆಂಪು ವಸ್ತ್ರದ ತರುಣ ಭಿಕ್ಷುಗಳಲ್ಲಿ ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಕಾಲನ್ನು ಅಪ್ಪಳಿಸಿ, ಅಂಗೈಗೆ ಅಂಗೈ ಚಟೀರೆಂದು ಬಡಿದು ತರ್ಕದ ಪ್ರಶ್ನೆಯನ್ನು ಎಸೆಯುತ್ತಾನೆ. ಸೆಡ್ಡು ಹೊಡೆಯುವುದೆಂದರೆ ಅದು! ನಮ್ಮ ಚರ್ಚಾಕೂಟದ ಹುಡುಗರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು.

ಕೈ ಹಿಡಿಯುವವರಿಲ್ಲದೆ ಆಟ ನಿಲ್ಲದೆಂಬುದಕ್ಕೆ ಈ ಕಾಡಂಚಿನ ಸಿದ್ದಿ ಜನರ ಅನುಭವಕ್ಕಿಂತ ಕಹಿಯಾದ ನಿದರ್ಶನ ಬೇಡ. ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ವಿಶೇಷ ಯೋಜನೆಯೊಂದನ್ನು ತೆರೆದು ಸಿದ್ದಿ ಮಕ್ಕಳನ್ನು ಓಟ ಮೊದಲಾದ ಆಟಗಳಿಗೆ ಆಯ್ದುಕೊಂಡಿತು. ಮಕ್ಕಳು ಓಡಿದರು, ರಾಷ್ಟ್ರಮಟ್ಟದವರೆಗೂ ಓಡಿದರು. 1993ರಲ್ಲಿ ಯೋಜನೆ ನಿಂತಿತು. ಹಲವರು ಹೊಲಕ್ಕೂ ಕೂಲಿಗೂ ಮರಳಿದರು. ಆ ಮಕ್ಕಳ ಕಾಲಿನ ಬಲವನ್ನು ಬೇರೆ ಯಾವ ಕ್ರೀಡೆ ಬಂದು ಕದ್ದಿತ್ತು? ಹಲವು ವರ್ಷಗಳ ಮೇಲೆ ಅಂಥ ಯೋಜನೆಗೆ ಮತ್ತೆ ಜೀವ ಬಂತೆಂಬುದು ನಿಜ. ಆದರೆ ಇಪ್ಪತ್ತರ ಹರೆಯ ಯಾವ ಯೋಜನೆಗಾಗಿಯೂ ಕಾದು ನಿಲ್ಲುವುದಿಲ್ಲ.

ಹಳಿಯಾಳ ಈ ಮಟ್ಟಿಗೆ ಪುಣ್ಯವಂತ ಊರು. ಅಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯವಿದೆ; ಊಟ, ವಸತಿ, ತರಬೇತಿ ಒಂದೆಡೆ ದೊರೆಯುತ್ತವೆ. ಗೌಡರ ಜಾಗಕ್ಕೆ ಸರಕಾರ ಬಂತು, ಮಣ್ಣಿನ ಜಾಗಕ್ಕೆ ಮ್ಯಾಟ್ ಬಂತು. ಸಿದ್ದಿ ಸಮುದಾಯದ ಹುಡುಗಿಯರು ಸೇರಿದಂತೆ ಈ ಭಾಗದ ಹೆಣ್ಣುಮಕ್ಕಳು ಅದೇ ಮ್ಯಾಟಿನ ಮೇಲೆ ಪಳಗಿ ರಾಜ್ಯದಲ್ಲಿ, ಅದರಾಚೆಗೂ ಹೆಸರು ತಂದರು. ಗರಡಿಯ ಮಣ್ಣು ಎಷ್ಟೇ ಪವಿತ್ರವಾಗಿರಲಿ, ಮಾರುತಿಯ ಬ್ರಹ್ಮಚರ್ಯದ ನೆಪ ಹೇಳಿ ಅರ್ಧ ಊರನ್ನು ಹೊಸ್ತಿಲಾಚೆಗೆ ನಿಲ್ಲಿಸಿತ್ತು. ನಿರ್ಜೀವವಾದ ಮ್ಯಾಟು ‘ನೀನು ಯಾರು?’ ಎಂದು ಕೇಳಲಿಲ್ಲ. ಗಳಿಕೆಯ ಲೆಕ್ಕದಲ್ಲಿ ನಾನು ಇದನ್ನು ಎಲ್ಲಕ್ಕಿಂತ ಮೇಲೆ ಬರೆಯುತ್ತೇನೆ. ಕುಸ್ತಿ ಸತ್ತಿತು ಎನ್ನುವವರು ಕುಸ್ತಿ ಆಡುತ್ತಿರುವವರ ಮುಖವನ್ನು ನೋಡಿಲ್ಲ. ನೋಡಿದರೂ ಮೀಸೆ ಕಾಣದೆ ‘ಇದು ಕುಸ್ತಿಯಲ್ಲ’ ಎಂದುಕೊಂಡಿರಬೇಕು.

ಕಳೆದುಕೊಂಡದ್ದೂ ಸಣ್ಣದಲ್ಲ. ಆ ತಂದೆ ಗರಡಿಯ ಹೊಸ್ತಿಲ ಮೇಲೆ ಕುಳಿತು ನನ್ನೊಡನೆ ವಾದಕ್ಕೇ ಇಳಿದರು.

‘ಬೆನ್ನಿಗೆ ಮಣ್ಣು ಹತ್ತೂದಿಲ್ಲ, ಅದೆಂಥಾ ಕುಸ್ತೀರಿ ಮಾಸ್ತರ್ರ? ಮೂರು ಮಿನಿಟು, ಮತ್ತ ಮೂರು ಮಿನಿಟು. ಪಂಚರು ಬೆರಳು ಎತ್ತತಾರ, ಇನ್ನೊಬ್ಬ ಕುಂತು ಬರ್ಕೋತಾನ. ಅದು ಕುಸ್ತಿನೋ, ಸೊಸಾಯಿಟಿ ಲೆಕ್ಕಾನೋ?’

ನಕ್ಕೆ, ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಿಕಾಲಿ ಕುಸ್ತಿಯನ್ನು ನೋಡುವುದಕ್ಕೆ ಯಾವ ವಿದ್ಯೆಯೂ ಬೇಡ. ಕುರಿ ಕಾಯುವವನಿಗೂ ತಿಳಿಯುತ್ತದೆ, ಯಾರ ಬೆನ್ನು ಹತ್ತಿತೆಂದು. ಅಂಕದ ಕುಸ್ತಿಗೆ ನಿಯಮ ಬಲ್ಲವರು ಬೇಕು. ಜಾತ್ರೆಯ ಕಣದ ಸುತ್ತ ಊರೇ ಇರುತ್ತದೆ; ಒಳಾಂಗಣದ ಮ್ಯಾಟಿನ ಸುತ್ತ ತರಬೇತುದಾರರು, ಅಧಿಕಾರಿಗಳು, ಒಬ್ಬಿಬ್ಬರು ತಾಯಿತಂದೆಗಳು. ಆಟಕ್ಕೆ ಆಡುವವರು ಸಿಕ್ಕರು, ನೋಡುವವರು ತಪ್ಪಿಹೋದರು. ಒಲಿಂಪಿಕ್ ಸಮಿತಿಯವರು 2013ರ ಫೆಬ್ರವರಿಯಲ್ಲಿ ಕುಸ್ತಿಯನ್ನೇ ಕೈಬಿಡಲು ಹೊರಟರಷ್ಟೆ. ಆಗ ಎದ್ದ ಆಕ್ಷೇಪಗಳಲ್ಲಿ ನೋಡುವವನಿಗೆ ತಿಳಿಯದ ನಿಯಮಗಳ ಗೋಜಲೂ ಒಂದು. ನಿಯಮಗಳನ್ನು ತಿದ್ದಿಕೊಂಡ ಮೇಲೆ ಸೆಪ್ಟೆಂಬರಿನಲ್ಲಿ ಕುಸ್ತಿ ಮರಳಿ ಸೇರಿತು. ಹಳ್ಳಿಯ ಪೈಲ್ವಾನನ ತಕರಾರು ಜಗತ್ತಿನ ತಕರಾರೂ ಆಗಿತ್ತು.

ಹಾಗಾದರೆ ಮಣ್ಣಿಗೂ ಮ್ಯಾಟಿಗೂ ಹಗೆಯೆ? ಸತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ ಮಣ್ಣಿನಲ್ಲಿಯೇ ಬೆಳೆದವರು. 1948ರ ಲಂಡನ್ ಕೂಟಕ್ಕೆ ಹೋಗುವವರೆಗೆ ಮ್ಯಾಟಿನ ಅಭ್ಯಾಸವೇ ಅವರಿಗೆ ಸಾಲದು, ಆದರೂ ಆರನೆಯವರಾದರು. ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯಿಂದ ಕಂಚನ್ನು ಗೆದ್ದು ತಂದರು. ಕುಸ್ತಿಯಲ್ಲಿ ಮುಂದಿನ ಒಲಿಂಪಿಕ್ ಪದಕಕ್ಕಾಗಿ ಈ ದೇಶ 2008ರವರೆಗೆ ಕಾಯಬೇಕಾಯಿತು. ಮಣ್ಣು ದೇಹವನ್ನು ಕೊಟ್ಟಿತು, ಮ್ಯಾಟು ದಾರಿ ಕೊಟ್ಟಿತು. ಎರಡರಲ್ಲಿ ಒಂದನ್ನು ಆರಿಸೆಂದು ನಾವು ಇಂದಿನ ಮಕ್ಕಳನ್ನು ಏಕೆ ಕಾಡಬೇಕು?

ಈಗೀಗ ಕೆಲವು ಜಾತ್ರೆಗಳ ಕಣದಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಕಾಣುತ್ತಿವೆ. ನಮ್ಮ ಹಳ್ಳಿಗಳ ಜಾತ್ರಾ ಸಮಿತಿಗಳು ಸುತ್ತಲಿನ ಹುಡುಗಿಯರನ್ನು ವರ್ಷಕ್ಕೆ ಒಂದು ದಿನವಾದರೂ ಮಣ್ಣಿಗೆ ಕರೆಯಬಾರದೆ? ಊರು ಅವರನ್ನು ನೋಡಲಿ. ಅವರು ಊರ ಮಣ್ಣನ್ನು ಮುಟ್ಟಲಿ. ದೊಡ್ಡ ದೊಡ್ಡ ಬಹುಮಾನವನ್ನೇನೂ ನಾನು ಕೇಳುತ್ತಿಲ್ಲ. ಕಣದಿಂದ ಗೊಬ್ಬರದ ಚೀಲ ಎತ್ತಿ, ಗುದ್ದಲಿ ಹಿಡಿಯುವ ನಾಲ್ಕು ಕೈಗಳನ್ನು ಕೇಳುತ್ತಿದ್ದೇನೆ. ಆ ತಂದೆಗೆ ಇದನ್ನು ಹೇಳಿದಾಗ ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ‘ಹಿರ್‍ಯಾರು ಏನಂತಾರೋ’ ಎಂದರು. ಊರಿನಲ್ಲಿ ಅವರಿಗಿಂತ ಹಿರಿಯ ಪೈಲ್ವಾನರು ಯಾರೂ ಉಳಿದಿಲ್ಲವೆಂದು ಆಮೇಲೆ ತಿಳಿಯಿತು.

ಚರ್ಚಾಕೂಟದ ಬಹುಮಾನವನ್ನು, ಕೇಳುವವರಿದ್ದರೆ ಹೇಳುತ್ತೇನೆ, ಮುಷ್ಟಿಯುದ್ಧ ಸತ್ತಿತೆಂದು ವಾದಿಸಿದ ಹುಡುಗನಿಗೇ ಕೊಟ್ಟೆ. ಭಾಷೆ ಶುದ್ಧವಾಗಿತ್ತು.

ಎರಡು ತಿಂಗಳ ಮೇಲೆ ಧಾರವಾಡದಲ್ಲಿ ಅಂತರಕಾಲೇಜು ಕುಸ್ತಿ. ಆ ಹುಡುಗಿಯ ಪಂದ್ಯವಿದೆಯೆಂದು ತಿಳಿದು ಹೋದೆ. ತಂದೆಯೂ ಬಂದಿದ್ದರು, ಮಗಳ ಕುಸ್ತಿಯನ್ನು ನೋಡಲು ಬಂದದ್ದು ಅದೇ ಮೊದಲ ಸಲವಂತೆ. ಗಾಂಧಿ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಮೊದಲ ಮೂರು ನಿಮಿಷ ಅವಳು ಹಿಂದಿದ್ದಳು. ಎರಡನೆಯ ಸುತ್ತಿನಲ್ಲಿ ಎದುರಾಳಿಯ ಕಾಲಿಗೆ ಕೈಹಾಕಿ, ತಿರುಗಿಸಿ, ಮೇಲೆ ಬಂದಳು. ಆ ಪಟ್ಟನ್ನು ಕಂಡಾಗ ಅವರು ಥಟ್ಟನೆ ಅದರ ಹೆಸರು ಹೇಳಿದರು. ನಾನು ಕೇಳಿರದ ಹೆಸರು. ಬರೆದುಕೊಳ್ಳುವಷ್ಟರಲ್ಲಿ ಗದ್ದಲದಲ್ಲಿ ತಪ್ಪಿಹೋಯಿತು. 6–4ರಲ್ಲಿ ಹುಡುಗಿ ಗೆದ್ದಳು.

ಬೆವರು ಒರೆಸಿಕೊಳ್ಳುತ್ತ ಅವಳು ನಮ್ಮತ್ತ ಬಂದಳು. ತಂದೆ ಅಂಕದ ಫಲಕದ ಕಡೆ ನೋಡಲೂ ಇಲ್ಲ.

‘ಅಕೀ ಬೆನ್ನು ಹತ್ತಲಿಲ್ಲಲ್ಲವಾ’ ಎಂದರು.

‘ಇಲ್ಲಪ್ಪಾ. ನಂದೂ ಹತ್ತಲಿಲ್ಲ.’

ಅವರು ಕೈ ಚಾಚಿ ಅವಳ ಊದಿದ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದರು.